ಹತ್ತಾದ ಮೇಲೆ ಗುಲಾಮ

ಅಪ್ಪಾ,

ಅನ್ನ, ಹುಳಿ ಮಾಡಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ. ತನ್ಮಯಿನ ಪ್ರೀಸ್ಕೂಲಿಂದ ಕರ್ಕೊಂಡು ಬರೋವಾಗ ಟೀಚರ್ ನಿಮ್ಮನ್ನ ನೋಡಿ ನಗಬಹುದು.

ನಿನ್ನೆ ಕ್ಲಾಸಲ್ಲಿ ಹತ್ತಾದ ಮೇಲೆ ಏನು ಅಂತ ಕೇಳಿದ್ದಕ್ಕೆ ನಿಮ್ಮ ಮೊಮ್ಮಗಳು "ಗುಲಾಮ, ರಾಣಿ, ರಾಜ" ಅಂದಳಂತೆ. ಗುಲಾಮ ಅಂದ್ರೆ ಏನು ಅಂತ ಟೀಚರ್ ನನ್ನ ಕೇಳಿದ್ರು. ನಾನೇನು ಹೇಳಲಿ?

ಕೆಳಗಡೆ ವಾಯ್ಡ್ ಡೆಕ್‌ನಲ್ಲಿ, ಆ ಬಿಲ್ಡಿಂಗ್ ಅಡಿಯ ಖಾಲಿ ಜಾಗದಲ್ಲಿ, ದಿನಾ ಲೆಕ್ಕ ಹೇಳ್ಕೊಡ್ತೀನಿ ಅಂದಾಗಲೇ ನನಗೆ ಅನುಮಾನ ಬಂದಿತ್ತು. ಲೆಕ್ಕದ ಪಾಠಕ್ಕೆ ಯಾವ ಮಗು ಓಡೋಡಿ ಹೋಗುತ್ತೆ? ಅವಳನ್ನ ಕೇಳಿದ್ರೆ ಇಲ್ಲಿನ ಮಕ್ಕಳ ಥರಾನೇ "ಸೀಕ್ರೆಟ್ ಲಾ, ಅಮ್ಮ" ಅಂತ ರಾಗ ಎಳೀತಾಳೆ. ಕೊನೆಗೆ ಇಸ್ಪೀಟಿನ ಕಟ್ಟು ನಿಮ್ಮ ಸ್ವೆಟರ್ ಒಳಗೆ ಸಿಕ್ತು. ನಮ್ಮ ಈ ಯಿಶುನ್ ಊರಿನ ಸೆಕೆಗೆ ಸ್ವೆಟರ್ ಯಾಕೆ ತಂದ್ರಿ ಅಂತ ಏರ್‌ಪೋರ್ಟಲ್ಲೇ ಕೇಳಬೇಕಿತ್ತು.

ಆದ್ರೆ ನಿನ್ನೆ ಊಟ ಮಾಡ್ತಾ, ಒಂಬತ್ತಕ್ಕೆ ಏಳು ಸೇರಿಸಿ, ಬೆರಳು ಮಡಚದೆ ಹದಿನಾರು ಅಂದಳು. ಸ್ಕೂಲಲ್ಲಿ ಇನ್ನೂ ಅಲ್ಲಿಗೆ ಬಂದಿಲ್ಲ, ನಾನಂತೂ ಕಲಿಸಿಲ್ಲ. ಅದಕ್ಕೇ ಕಟ್ಟು ಬಿಸಾಕಿಲ್ಲ. ಟೀವಿ ಪಕ್ಕ ಇದೆ, ನಾನು ಬರೋವರೆಗೂ ಮುಟ್ಟಬೇಡಿ. ಸಂಜೆ ಮೂರೂ ಜನ ಆಡೋಣ. ಚಿಕ್ಕವಳಿದ್ದಾಗ ನನಗೆ ಕಲಿಸಿದ ಹಾಗೆ ಅವಳಿಗೂ ಎಲೆ ಬಚ್ಚಿಡೋದು ಕಲಿಸಿದ್ದೀರಾ ಅಂತ ನಾನೇ ನೋಡಬೇಕು.

ನಿರುಪಮಾ