ಹಳೆಯ ವೆರ್ನಾಚ ಪೀಪಾಯಿ ತೆರೆದ ಭಾನುವಾರ

ಬರಾತೀಲಿ, ಸಾರ್ದೀನಿಯ
೯ ಮಾರ್ಚ್ ೧೯೬೧

ಪ್ರೀತಿಯ ಆಂತಿಯೋಕೊ ಅವರಿಗೆ, ನಿಮ್ಮ ಹೆಂಡತಿ ರೈಮೊಂದಾಳ ನಮಸ್ಕಾರ.

ಆರೋಗ್ಯವೇ? ಮೊಣಕಾಲಿನ ನೋವು ಹೇಗಿದೆ? ಆಲ್ಗೇರೋದ ಸಮುದ್ರದ ಗಾಳಿ ನಿಮ್ಮ ಎದೆಗೆ ಒಗ್ಗುವುದಿಲ್ಲ, ಮಲಗುವಾಗ ಕುತ್ತಿಗೆಗೆ ಉಣ್ಣೆಬಟ್ಟೆ ಸುತ್ತಿಕೊಳ್ಳಿ. ಔಷಧಿ ಅಂಗಡಿಯ ವಿಧವೆಯ ಜೊತೆಯಲ್ಲೇ ಇದ್ದೀರಿ, ಕೆಮ್ಮಿನ ಔಷಧಿಗಂತೂ ಬರವಿರಲಾರದು. ಅವಳನ್ನೂ ಕೇಳಿದೆನೆಂದು ಹೇಳಿ. ಅಂಗಡಿ ಮಾರಿ ಊರು ಬಿಡುವಾಗ ಅವಳು ತನ್ನ ಬೆಕ್ಕನ್ನು ಇಲ್ಲೇ ಬಿಟ್ಟು ನಿಮ್ಮನ್ನು ಕರೆದುಕೊಂಡು ಹೋದಳಲ್ಲ, ಆ ಬೆಕ್ಕು ಈಗ ನಮ್ಮ ಮನೆ ಸೇರಿದೆ. ಚೆನ್ನಾಗಿ ಇಲಿ ಹಿಡಿಯುತ್ತದೆ. ನನಗೇನೂ ನಷ್ಟವಾಗಿಲ್ಲ.

ನಿಮ್ಮ ಪತ್ರ ಬಂತು. ಈಸ್ಟರಿಗೆ ಬರುತ್ತೀರಂತೆ, ಅಮ್ಮ ಕಣ್ಣು ಮುಚ್ಚುವ ಮೊದಲು ಅವರ ಪಕ್ಕದಲ್ಲಿ ಒಮ್ಮೆ ಕೂರಬೇಕಂತೆ, ನಾನು ಬಾಗಿಲು ತೆರೆದಿಡಬೇಕಂತೆ. ಅಲ್ಲಿಯವರೆಗೆ ಹಳೆಯ ವೆರ್ನಾಚ ವೈನಿನ ಪೀಪಾಯಿಯನ್ನು ಯಾರೂ ಮುಟ್ಟಬಾರದಂತೆ, ನೀವೇ ಕೈಯಾರೆ ತೆರೆದು ಅಮ್ಮನಿಗೆ ಕುಡಿಸಿದರೆ ಎಲ್ಲ ಮೊದಲಿನ ಹಾಗೆ ಆಗುತ್ತದಂತೆ. ಬರೆಯುವಾಗ ನೀವು ಅತ್ತಿರಬೇಕು, ಒಂದೆರಡು ಕಡೆ ಶಾಯಿ ಹರಡಿದೆ. ಅಥವಾ ಅದು ಔಷಧಿ ಚೆಲ್ಲಿದ್ದೂ ಇರಬಹುದು.

ಪೀಪಾಯಿ ಕಳೆದ ಭಾನುವಾರವೇ ತೆರೆದಾಯಿತು. ನಮ್ಮ ಮನೆತನದಲ್ಲಿ ಹಳೆಯ ಪೀಪಾಯಿಯನ್ನು ತೆರೆಯುವುದು ಮದುವೆಗೆ, ಇಲ್ಲವೇ ಮನೆಯ ಯಜಮಾನ ಸತ್ತಾಗ. ಮದುವೆಗೆ ನಮ್ಮಲ್ಲಿ ಯಾರಿದ್ದಾರೆ? ಹಾಗಾಗಿ ನೀವು ಸತ್ತಿರಿ. ಗಾಬರಿಯಾಗಬೇಡಿ, ಎಲ್ಲ ಚೆನ್ನಾಗಿಯೇ ನಡೆಯಿತು. ಒಲೆ ಆರಿಸಿದೆವು, ಕನ್ನಡಿಗೆ ಬಟ್ಟೆ ಮುಚ್ಚಿದೆವು, ಕಣ್ಣು ಮಂಜಾದ ನಿಮ್ಮ ತಾಯಿಗೆ ಕಪ್ಪು ಶಾಲು ಹೊದಿಸಿ ದೊಡ್ಡ ಕುರ್ಚಿಯಲ್ಲಿ ಕೂರಿಸಿದೆವು. ಪಾದ್ರಿ ದೊನ್ ಸೆರಾಫಿನೋ ಮಾತ್ರ "ಉಸಿರಾಡೋನಿಗೆ ನಾನು ಪ್ರಾರ್ಥನೆ ಹೇಳೋಕಾಗಲ್ಲ ಕಣಮ್ಮ" ಎಂದರು. ಕುಡಿಯಲು ಎಲ್ಲರಿಗಿಂತ ಮೊದಲು ಬಂದವರೂ ಅವರೇ. ಸಾವಿನ ಮನೆಗಳಲ್ಲಿ ಹಾಡಿ ಅಳುವ ಬಸೀಲಿಯಾ ನಿಮ್ಮ ಟೋಪಿಯನ್ನು ಮೇಜಿನ ಮೇಲಿಟ್ಟು ಎದೆ ಬಡಿದುಕೊಂಡಳು. "ಅಯ್ಯೋ ನನ್ನಪ್ಪಾ, ಕಟ್ಕೊಂಡೋಳಿಗೆ ಒಂದ್ ತೊಟ್ಟು ಕೊಡ್ಲಿಲ್ವಲ್ಲೋ, ಬೀದಿ ಆಚೆಯೋಳಿಗೆ ಸೀಸೆ ಸೀಸೆ ಸುರಿದ್ಯಲ್ಲೋ!" ಹೆಂಗಸರು ನಗು ತಡೆಯಲಾರದೆ ತಲೆವಸ್ತ್ರವನ್ನು ಬಾಯಿಗೆ ತುರುಕಿಕೊಂಡರು.

ವೈನಿನ ಸಂಗತಿ ಹೇಳದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲ, ಗೊತ್ತು. ಪೀಪಾಯಿಯನ್ನು ಪೂರ್ತಿ ತುಂಬದೆ ಗಾಳಿಗೆ ಜಾಗ ಬಿಡಬೇಕು, ಮೇಲೆ ಕಟ್ಟುವ ಪೊರೆಯೇ ವೈನನ್ನು ಸಾಕುತ್ತದೆ, ಹೆಂಗಸಿನ ನೆರಳು ಬಿದ್ದರೆ ಆ ಪೊರೆ ಸಾಯುತ್ತದೆ ಎಂದು ನೀವು ನನ್ನನ್ನು ಪೀಪಾಯಿಯ ಕೋಣೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ನೀವು ಹೋದಾಗಿನಿಂದ ನಾನು ಅಲ್ಲೇ ಒಳಲಂಗ ಒಣಹಾಕುತ್ತಿದ್ದೇನೆ. ಪೊರೆ ಹಾಲಿನ ಕೆನೆಯ ಹಾಗೆ ದಪ್ಪಗೆ ಕಟ್ಟಿತ್ತು. ಇಷ್ಟು ಒಳ್ಳೆಯದು ನಿಮ್ಮ ಕಾಲದಲ್ಲಿ ಬಂದಿರಲಿಲ್ಲ ಎಂದು ಗಂಡಸರೇ ಹೇಳಿದರು. ಕುಡಿಯುವ ಕ್ರಮವನ್ನೂ ನಾವು ಕೆಡಿಸಲಿಲ್ಲ. ಮಂಜುಗಡ್ಡೆ ಹತ್ತಿರ ತರಲಿಲ್ಲ, ಕೋಣೆಯ ತಂಪೇ ಸಾಕಾಯಿತು. ಸಣ್ಣ ಲೋಟ, ಅದರಲ್ಲಿ ಅರ್ಧ, ಮೊದಲು ಮೂಗಿಗೆ, ಆಮೇಲೆ ನಾಲಿಗೆಗೆ. ಸಿಹಿಯ ಸುಳಿವೇ ಇಲ್ಲ. ನುಂಗಿ ಬಾಯಿ ಮುಚ್ಚಿಕೊಂಡು ಕಾದರೆ ಕಹಿ ಬಾದಾಮಿಯ ರುಚಿ ನಿಧಾನಕ್ಕೆ ಬರುತ್ತದೆ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಮಾಂಸವಿಲ್ಲ. ಕಾಬ್ರಾಸಿನಿಂದ ತಂದ ಒಣಗಿದ ಮೀನಿನ ಮೊಟ್ಟೆಯನ್ನು ತೆಳ್ಳಗೆ ಹೆರೆದು, ಎಣ್ಣೆ ಸವರಿದ ರೊಟ್ಟಿಯ ಮೇಲಿಟ್ಟು, ಆ ಉಪ್ಪಿನ ಮೇಲೆ ಒಂದೊಂದೇ ಗುಟುಕು ಕುಡಿದೆವು. ನಿಮ್ಮ ಜೀವದ ಗೆಳೆಯ ಗವೀನೋ ನಿಜವಾಗಿ ಕಣ್ಣೀರಿಟ್ಟ. "ಜುಗ್ಗ ನನ್ಮಗ, ಬದುಕಿದ್ದಾಗ ನಮಗೆ ಹುಳಿ ಬಂದಿದ್ದನ್ನೇ ಕುಡಿಸ್ತಿದ್ದ. ಸತ್ತಿದ್ದೇ ಒಳ್ಳೇದಾಯ್ತು!"

ನಾನೂ ಕುಡಿದೆ. ಬಹಳ ಚೆನ್ನಾಗಿತ್ತು, ಅದಕ್ಕೇ ಸಿಟ್ಟು ಬಂತು. ಇಂಥದ್ದನ್ನು ಮಾಡಿದ ಕೈ ನಿಮ್ಮದೇ ಎಂದು ಹೊಟ್ಟೆ ಉರಿಯಿತು, ಆಮೇಲೆ ಇನ್ನೊಂದು ಲೋಟ ಕುಡಿದೆ. ಈಗ ಊರೆಲ್ಲ ನಿಮ್ಮನ್ನು "ಪಾಪ, ಆಂತಿಯೋಕೊ" ಎನ್ನುತ್ತದೆ, ನನ್ನನ್ನು ವಿಧವೆ ಎನ್ನುತ್ತದೆ. ಗಂಡ ಬಿಟ್ಟವಳು ಎನ್ನಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಅಂಗಡಿಯಲ್ಲಿ ಎದ್ದು ಜಾಗ ಕೊಡುತ್ತಾರೆ.

ದೇವರು ನಿಮ್ಮ ಆತ್ಮಕ್ಕೆ ಶಾಂತಿ ಕೊಡಲಿ, ಮೊಣಕಾಲಿಗೂ ಕೊಡಲಿ.

ಇಂತಿ,
ದಿವಂಗತ ಆಂತಿಯೋಕೊ ಅವರ ಹೆಂಡತಿ
ರೈಮೊಂದಾ

ಮರೆತಿದ್ದೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಕಣ್ಣು ಕಾಣದ ಮುದುಕಿಗೆ ರೈಮೊಂದಾ ಸುಳ್ಳು ಹೇಳಿ ನಂಬಿಸಿದ್ದಾಳೆ, ನಾನು ಹೋಗಿ ಒಮ್ಮೆ "ಅಮ್ಮಾ" ಎಂದರೆ ಸಾಕು ಎಂದುಕೊಂಡು ಬಸ್ಸು ಹತ್ತಬೇಡಿ. ನೀವು ಬದುಕಿರುವುದು ಅವರಿಗೆ ಚೆನ್ನಾಗಿ ಗೊತ್ತು. ನಿಮ್ಮ ಪತ್ರವನ್ನು ನನ್ನಿಂದ ಮತ್ತೆ ಮತ್ತೆ ಓದಿಸಿ ಕೇಳಿಸಿಕೊಂಡರು. ಬರಲಿ ಬಿಡಿ ಎಂದವಳು ನಾನು. ಅವರೇ "ನನ್ ಮಗ ಸತ್ತ ಕಣೆ, ಒಲೆ ಆರಿಸು" ಎಂದರು. ಈಸ್ಟರಿಗೆ ಬಂದು ಬಾಗಿಲು ತಟ್ಟಿದರೆ ಏನು ಹೇಳಲಿ ಎಂದು ಕೇಳಿದೆ. "ಮನೇಲಿ ಗಂಡಸರು ಯಾರೂ ಇಲ್ಲ, ಮುಂದಕ್ಕೆ ಹೋಗಪ್ಪಾ ಅನ್ನು" ಎಂದರು.