ಸಕ್ಕರೆ ಎಷ್ಟು?

ರೀ,

ಮಾತ್ರೆ ತಟ್ಟೆಯ ಪಕ್ಕದಲ್ಲಿದೆ. ತಿಂದ ಮೇಲೆ ನುಂಗಿ, ಮರೆತೆ ಅಂತ ರಾಗ ಎಳೆಯಬೇಡಿ. ಒಣಗಿದ ಬಟ್ಟೆ ಒಳಗೆ ತನ್ನಿ. ಮಡಿಸಬೇಡಿ, ನೀವು ಮಡಿಸುವ ಚಂದ ಗೊತ್ತು.

ನಿನ್ನೆ ನಮ್ಮ ಹೊಲಿಗೆ ಅಂಗಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವಳು ಚಹಾ ಮಾಡುತ್ತ, "ಅಕ್ಕಾ, ನಿಮ್ಗೆ ಸಕ್ಕರೆ ಎಷ್ಟು?" ಅಂದಳು. ಏನು ಹೇಳಬೇಕೋ ತೋಚಲೇ ಇಲ್ಲ. ನಿಮಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಇಬ್ಬರಿಗೂ ಒಂದೇ ಪಾತ್ರೆಯ ಸಪ್ಪೆ ಚಹಾ. ನನಗೇನು ಇಷ್ಟ ಅಂತ ನೀವು ಕೇಳಲಿಲ್ಲ, ಹೋಗಲಿ. ನನ್ನನ್ನು ನಾನೂ ಕೇಳಿಕೊಂಡಿರಲಿಲ್ಲವಲ್ಲ!

ಇವತ್ತು ರಜೆ ಹಾಕಿದ್ದೇನೆ. ಕೆರೆ ದಂಡೆಯಲ್ಲಿ ಒಬ್ಬಳೇ ಕೂತಿದ್ದು ಬರುತ್ತೇನೆ. ಮನೆಯಲ್ಲಾದರೂ ಒಬ್ಬಳೇ ತಾನೇ. ಫೋನ್ ಇಲ್ಲೇ ಬಿಟ್ಟಿದ್ದೇನೆ.

ಸಕ್ಕರೆ ಡಬ್ಬ ಮೇಲಿನಿಂದ ಇಳಿಸಿಟ್ಟಿದ್ದೇನೆ. ಸಂಜೆ ಚಹಾ ನೀವೇ ಮಾಡಿ. ನನ್ನ ಲೋಟಕ್ಕೆ ಸುರಿಯುವ ಮುಂಚೆ ಎಷ್ಟು ಅಂತ ಒಂದು ಮಾತು ಕೇಳಿ.

ಉತ್ತರ ಹುಡುಕಿಕೊಂಡು ಬಂದಿರುತ್ತೇನೆ.