ಮುಂಬಯಿ ಕ್ಲಬ್ಬಿಗೆ ಒಲ್ಲೆ ಎಂದ ದಿನ

ಹುಮನಾಬಾದ್, ೧೯೯೮

ಆಮ್ರಪಾಲಿ ಅಕ್ಕಾ,

ಬಿ.ಎ. ಬಿಟ್ಟು ತಮ್ಮ ಫುಟ್‌ಬಾಲ್ ತಂಡಕ್ಕೆ ಬಾ ಎಂದು ಕರೆಯಲು ಮುಂಬಯಿಯ ಕ್ಲಬ್ಬಿನವರು ಇವತ್ತು ಕಾಲೇಜಿಗೆ ಬಂದಿದ್ದರು. ನಾನು ಒಲ್ಲೆ ಎಂದೆ.

“ಯಾಕೋ ಸ್ವಪ್ನಿಲ, ಇಂಥಾ ಮೋಕಾ ಮತ್ತ ಬರ್ತದೇನು?” ಎಂದು ಕೋಚ್ ಸರ್ ಕೇಳಿದರು.

“ಡಿಗ್ರಿ ಮುಗಸ್ತೀನ್ರಿ, ಸರ್.”

“ನಿಮ್ಮಕ್ಕ ಇದ್ದಿದ್ರ ಖುಷಿ ಆಗ್ತಿದ್ಳು,” ಎಂದು ಬೆನ್ನು ತಟ್ಟಿದರು.

ಓದುವ ಆಸೆಯೂ ಈಗ ಉಳಿದಿಲ್ಲ, ಅಕ್ಕಾ. ಚೆಂಡು ಕಂಡರೆ ಕಾಲು ಭಾರವಾಗುತ್ತದೆ. ಹೋದ ವರ್ಷ ಫೈನಲ್‌ನಲ್ಲಿ ಎರಡು ಗೋಲು ಹೊಡೆದು, ಹಾರ ಹಾಕಿಸಿಕೊಂಡು ನಾನು ಬಸವಕಲ್ಯಾಣದ ಆಸ್ಪತ್ರೆಗೆ ಬಂದಾಗ ನಿನ್ನ ಮಂಚ ಖಾಲಿಯಾಗಿತ್ತು. “ಸಂಜಿತನಕ ಬಾಗಲ ಕಡಿಗೇ ನೋಡಾಕತ್ತಿದ್ಳು,” ಎಂದಳು ಅವ್ವ. ಬೇಗ ಬಾ ಎಂದು ನೀನು ಬರೆಸಿದ್ದ ಚೀಟಿ ಮ್ಯಾಚಿಗೆ ಮುಂಚೆಯೇ ನನ್ನ ಕೈ ಸೇರಿತ್ತೆಂದು ಅವಳಿಗೆ ಇನ್ನೂ ಹೇಳಿಲ್ಲ.